ಕೆಂಪಿಗೇರಿದ ಮುಳ್ಳು

ತೀರಿಹೋದ ಸಾಹೇಬರ ಜೀಪಿನ ಕಾಯಿಲೆ ಪತ್ತೆ ಹಚ್ಚಿದವನು ತಾನೊಬ್ಬನೇ ಎಂದು ಹಳೇ ಡ್ರೈವರ್ ಸಣ್ಣೀರಜ್ಜ ಚಹಾದಂಗಡಿಯಲ್ಲಿ ಶುರು ಮಾಡಿದ.

ಬೆಳಗ್ಗೆ ಬರೀ ಕೀಲಿ ತಿರುಗಿಸಿದರೂ ಮೀಟರಿನಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರುತ್ತಿತ್ತಂತೆ.

"ಇಂಜಿನ್ ಸುಟ್ಟಿದೀಯ! ನಾಳೆಯಿಂದ ಬರಬೇಡ!" ಎಂದು ಸಾಹೇಬರು ಕೂಗಾಡಿದರಂತೆ.

"ತಣ್ಣಗಿದೆ, ಮುಟ್ಟಿ ನೋಡಿ ಸ್ವಾಮಿ."

"ಮೀಟರ್ ಸುಳ್ಳು ಹೇಳುತ್ತೇನೋ?"

ಹೇಳಿ ಹೇಳಿ ಗಂಟಲೊಣಗಿತು. ಕೊನೆಗೆ ರೋಸಿಹೋಗಿ ಬಾನೆಟ್ ಎತ್ತಿ, ಇಂಜಿನ್ ಮೇಲೇ ಕೂತುಬಿಟ್ಟ.

"ಸ್ಟಾರ್ಟ್ ಮಾಡದೆ ಕೀಲಿ ತಿರುಗಿಸಿ ಸ್ವಾಮಿ."

ಮುಳ್ಳು ಕೆಂಪಿಗೆ ಹಾರಿತು.

"ಇಳಿಯೋ, ಬೆಂದುಹೋಗ್ತೀಯ!"

"ಚಳಿ ಸ್ವಾಮಿ, ಒಂದು ಕಂಬಳಿ ಕೊಡಿ!"

ಕೂತಲ್ಲಿಂದಲೇ, ಮೀಟರಿಗೆ ಬಿಸಿ ತಿಳಿಸುವ ಸೆನ್ಸರಿನ ವೈರು ಕಿತ್ತ. ಮುಳ್ಳು ದೊಪ್ಪನೆ ಕೆಳಗೆ ಬಿತ್ತು. ಕೆಟ್ಟಿದ್ದು ಇಂಜಿನ್ ಅಲ್ಲ, ಸೆನ್ಸರ್ ಎಂದು ಸಾಹೇಬರಿಗೆ ಗೊತ್ತಾಯಿತು, ಕೆಲಸ ಉಳಿಯಿತು.

ಚಹಾ ಸೋಸುತ್ತಿದ್ದ ಹೊನ್ನವ್ವ ತಿರುಗಿದಳು. "ಅಜ್ಜಾ, ಹೋದ ವಾರ ಇಂಜಿನ್ ಮೇಲೆ ಸಾಹೇಬರನ್ನೇ ಕೂರಿಸಿದೆ ಅಂದಿದ್ದೆಯಲ್ಲ?"

ಅಜ್ಜ ಹೆಗಲು ಕುಣಿಸಿದ. "ಯಾರು ಕೂತರೇನವ್ವ, ಇಂಜಿನ್ ತಣ್ಣಗಿತ್ತಲ್ಲ!"