ಗೋಡೆಗೆ ಓಲೆ ಆರಿಸಿದವಳು

"ಅರಮನೆ ಬಾಗಿಲಿನ ಸುದ್ದಿಗೋಡೆಗೆ ಓಲೆಗಳನ್ನು ಆರಿಸಿ ತೂಗುಹಾಕುವವರು ಬೇಕು. ಮೂರು ಒಗಟು ಬಿಡಿಸಿದವರಿಗೆ ಆ ಪದವಿ. ತಪ್ಪಿದವರ ತಲೆ ಕೋಟೆಯ ಮೇಲೆ," ಎಂದು ದೊರೆ ರಣಭೈರವ ಡಂಗುರ ಹೊಡೆಸಿದ.

ಹಿಂದಿನ ಓಲೆಗಾರ ಯಾರೋ ತಂದ ಸುಳ್ಳನ್ನು ತೂಗುಹಾಕಿದ್ದ: ಕಂಬಳಿ ಮಾರುವವರು ಮಕ್ಕಳ ಕಳ್ಳರು. ಮಧ್ಯಾಹ್ನದೊಳಗೆ ಸಂತೆಯಲ್ಲಿ ಜನ ಏಳು ಕಂಬಳಿಯವರನ್ನು ಕಲ್ಲಿನಿಂದ ಜಜ್ಜಿ ಕೊಂದಿದ್ದರು. ಏಳನೆಯವನು ಉಣ್ಣೆ ಆರಿಸುವ ಬೀರವ್ವನ ಗಂಡ.

ಮೊದಲು ಪಂಡಿತ ಶೇಷಾಚಾರ್ಯರು ಬಂದರು.

"ನೂರು ಓಲೆ ಬಂದವು, ಒಂದನ್ನು ಹಾಕಿದೆ. ಉಳಿದ ತೊಂಬತ್ತೊಂಬತ್ತು ಯಾರ ಪಾಲು?" ದೊರೆ ಕೇಳಿದ.

"ಒಲೆಯ ಪಾಲು, ಪ್ರಭು."

ತಲೆ ಉರುಳಿತು. ಆಮೇಲೆ ವರ್ತಕರ ನಾಗಣ್ಣ, "ನಿಮ್ಮ ಪಾಲು," ಎಂದ. ಅವನದೂ ಉರುಳಿತು.

ಬೀರವ್ವ ಮುಂದೆ ಬಂದಳು. ತಲೆ ಕಡಿಯುವ ಕೆಂಚ ಮೂಗು ಹಿಡಿದ. "ಕುರಿ ವಾಸನೆ. ಕತ್ತು ತೊಳ್ಕೊಂಡು ಬರಬಾರದಾ?"

"ನೀವು ಕೊಡಲಿ ತೊಳೆದಿದೀರಾ, ಅಣ್ಣಾ?"

ದೊರೆ ಅದೇ ಒಗಟು ಹಾಕಿದ.

"ಆರಿಸಿದವಳ ಪಾಲು, ಬುದ್ಧಿ. ಊರು ಓದದೆ ಇರಲಿ ಅಂತ ಅವಳೇ ಎಲ್ಲವನ್ನೂ ಓದಿ ಹೊರಬೇಕು."

ಉತ್ತರ ಸರಿಯೆಂದು ದೊರೆ ತಲೆಯಾಡಿಸಿದ; ಕೆಂಚ ಎತ್ತಿದ್ದ ಕೊಡಲಿಯನ್ನು ಇಳಿಸಿಕೊಂಡ.

"ಪರರ ವಸ್ತು ಹಂಚುತ್ತಾಳೆ, ಆದರೂ ಕಳ್ಳಿಯಲ್ಲ. ಹೇಗೆ?" ದೊರೆ ಎರಡನೆಯದನ್ನು ಕೇಳಿದ.

"ನಾವು ಉಣ್ಣೆ ಆರಿಸಿದ ಮೇಲೆ ಪ್ರತಿ ಕಟ್ಟಿಗೂ ಆಯಾ ಕುರಿಯವರ ಗುರುತಿನ ಬಣ್ಣದ ದಾರ ಬಿಗಿತೀವಿ. ಒಳ್ಳೇದಿದ್ದರೆ ಹೆಸರು ಅವರದ್ದು. ಮುಳ್ಳು ಸಿಕ್ಕರೆ ಯಾರನ್ನ ಕೇಳಬೇಕು ಅಂತ ಗೊತ್ತಿರುತ್ತೆ. ಓಲೆಗೂ ಬರೆದವರ ಹೆಸರು ಕಟ್ಟಬೇಕು. ಕಂಬಳಿಯವರ ಮೇಲಿನ ಓಲೆಗೆ ಆವತ್ತು ಯಾರೂ ಕಟ್ಟಲಿಲ್ಲ."

ದೊರೆ ಮೂರನೆಯ ಒಗಟು ಹಾಕಿದ.

"ಓಲೆ ನಿಜ. ಆದರೂ ಹಾಕಬಾರದು. ಯಾವುದದು?"

ಬೀರವ್ವ ನೆಲದ ರಕ್ತ ನೋಡುತ್ತಾ ನಿಂತಳು. ಕೆಂಚ ಕೊಡಲಿ ಎತ್ತಿ ಹಿಡಿದ.

"ಓದಿದವರ ಕೈ ಕಲ್ಲು ಹುಡುಕುವಂಥ ಓಲೆ. ಬರೀ ಓಲೆ ನೋಡಿದರೆ ಸಾಲದು ಬುದ್ಧಿ, ಓದೋರ ಕೈನೂ ನೋಡಬೇಕು."

"ಪದವಿ ನಿನ್ನದು," ಎಂದ ದೊರೆ. "ಮತ್ತೇನು ಬೇಕು, ಕೇಳು."

"ನಿಮ್ಮ ಓಲೆಯನ್ನೂ ಬೇಡ ಅನ್ನೋ ಅಧಿಕಾರ."

ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು. ಬೀರವ್ವ ಕದಲಲಿಲ್ಲ. ಅವನು ಹಿಡಿಯಿಂದ ಕೈ ತೆಗೆದು, "ಕೊಟ್ಟೆ," ಎಂದ.

ಮರುದಿನ ಬೆಳಿಗ್ಗೆ ದೊರೆಯಿಂದಲೇ ಓಲೆ ಬಂತು: ನೆರೆ ಸೀಮೆಯವರು ನಮ್ಮ ಬಾವುಟ ಸುಟ್ಟಿದ್ದಾರೆ. ಅದು ನಿಜವೇ ಆಗಿತ್ತು. ಸಂತೆಯಲ್ಲಿ ಆ ಸೀಮೆಯ ಗಾಡಿಗಳು ಆಗಲೇ ಬಂದು ನಿಂತಿದ್ದವು. ಬೀರವ್ವ ಎರಡು ಸಲ ಓದಿ, ಓಲೆಯನ್ನು ಹಿಂದಕ್ಕೆ ಕಳಿಸಿದಳು.

ಜನ ಬರಿಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತು, ಗೊಣಗುತ್ತಾ ಸಂತೆಗೆ ಹೋದರು. ಆ ದಿನ ಯಾರೂ ಸಾಯಲಿಲ್ಲ.