ಭಾಷಣ ಮಾಡಿದವರೇ ದುಡ್ಡು ಕೊಡಬೇಕು

ಇದನ್ನು ನಾನು ಕಣ್ಣಾರೆ ಕಂಡೆ. ಆ ದಿನ ಊರಲ್ಲಿರಲಿಲ್ಲ, ಅದು ಬೇರೆ ಮಾತು.

ನಮ್ಮ ವಿಶ್ವವಿದ್ಯಾಲಯಕ್ಕೆ ಸಂಶೋಧನಾ ಪತ್ರಿಕೆಗಳ ಕಂಪನಿಯಿಂದ ಪಡಿವಾಳ ಎನ್ನುವವರು ಬಂದರು. "ಲೇಖನ ಬರೆದವರು ನಮಗೆ ದುಡ್ಡು ಕೊಟ್ಟರೆ ಲೋಕವೆಲ್ಲ ಬಿಟ್ಟಿ ಓದುತ್ತೆ!" ಎಂದು ಸಭೆಯಲ್ಲಿ ಗಂಟೆಗಟ್ಟಲೆ ಕೊರೆದರು. ಮೇಷ್ಟ್ರುಗಳ ಲೇಖನಕ್ಕೆ ವಿಶ್ವವಿದ್ಯಾಲಯವೇ ದುಡ್ಡು ಕಟ್ಟುವ ಒಪ್ಪಂದವನ್ನೂ ತಂದಿದ್ದರು; ಅದಾದರೆ ಗ್ರಂಥಾಲಯದ ಇಡೀ ವರ್ಷದ ಹಣ ಸ್ವಾಹಾ. ಹೊಸ ಪುಸ್ತಕ ಒಂದೂ ಬರೋದಿಲ್ಲ. ಕುಲಪತಿಗಳು ಸಹಿಗೆ ಬಗ್ಗಿದರು.

ಅಷ್ಟರಲ್ಲಿ ಗ್ರಂಥಾಲಯದ ಗುಮಾಸ್ತ ಪಡಿವಾಳರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೇಲೊಂದು ಬಿಲ್ಲನ್ನೂ ಇಟ್ಟ. "ಭಾಷಣದ ಬಾಬ್ತು ಹತ್ತು ಸಾವಿರ ಸಾರ್."

"ಭಾಷಣ ಮಾಡಿದ್ದು ನಾನು ಕಣ್ರೀ!"

"ಅದಕ್ಕೇ ಸಾರ್. ಕೇಳಿದವರಿಗೆ ಬಿಟ್ಟಿ."

ಪಡಿವಾಳರು ಮೈಕಿನಲ್ಲೇ ಗುಡುಗಿದರು: "ದುಡಿದವನ ಹತ್ರಾನೇ ದುಡ್ಡು ಕೇಳ್ತೀರಾ? ಹಗಲುದರೋಡೆ ಇದು!"

ಮೇಷ್ಟ್ರುಗಳೆಲ್ಲ ಎದ್ದು ಚಪ್ಪಾಳೆ ಹೊಡೆದರು. "ನಿಮ್ಮ ಮಾತು ನನಗೂ ಪೂರ್ತಿ ಒಪ್ಪಿಗೆ" ಎಂದ ಕುಲಪತಿಗಳು, ಸಹಿಯಿಲ್ಲದ ಒಪ್ಪಂದವನ್ನು ಬಾಳೆಹಣ್ಣಿನ ಪಕ್ಕ ತುರುಕಿ ಬುಟ್ಟಿ ಸಮೇತ ಬೀಳ್ಕೊಟ್ಟರು.