ಎರಡನೆಯ ಈಡು

ಕೊಡಗಿನ ಒಂದು ಹೊಳೆದಂಡೆಯಲ್ಲಿ ಮೊಣ್ಣಯ್ಯ ಮೇಸ್ತ್ರಿಯ ಕೊಟ್ಟಿಗೆ ಇತ್ತು. ಹೆಸರಿಗಷ್ಟೇ ಕೊಟ್ಟಿಗೆ. ಒಳಗೆ ದನಗಳಿರಲಿಲ್ಲ, ಕೋವಿಗಳಿದ್ದವು.

ಕೆಟ್ಟ ಕೋವಿಗಳು ಅಲ್ಲಿಗೆ ಬಂದು ಸರಿಯಾಗಿ ಹೋಗುತ್ತಿದ್ದವು. ಹೋಗುವ ಮೊದಲು ಒಂದು ನಿಯಮವಿತ್ತು. ಕೆಲಸ ಮಾಡಿದವನೇ ಕೋವಿಯನ್ನು ಕೆನ್ನೆಗೊತ್ತಿ ಹಿಡಿದು ಹೊಳೆಯ ಮೇಲೆ ಮೊದಲ ಈಡು, ಅಂದರೆ ಮೊದಲ ಗುಂಡು, ಹೊಡೆಯಬೇಕು. ಆಮೇಲೆಯೇ ಅದು ಮನೆಯವರ ಕೈಗೆ.

ಚಿಟ್ಟಿಯಪ್ಪ ಮೇಸ್ತ್ರಿಯ ಶಿಷ್ಯ. ಅವನ ಕೈಗುಣ ಚೆನ್ನಾಗಿತ್ತು. ಅದು ಅವನಿಗೂ ಗೊತ್ತಿತ್ತು, ತೊಂದರೆ ಅಲ್ಲೇ ಇದ್ದದ್ದು.

ಒಂದು ದಿನ ಹೊಳೆಯಾಚೆಯ ಮನೆಯಿಂದ ದೇಚಮ್ಮ ಎಂಬ ಹೆಣ್ಣುಮಗಳು ಹಳೆಯ ಜೋಡುನಳಿಗೆಯ ಕೋವಿ ಹೊತ್ತು ತಂದಳು. ಆ ಮನೆಯ ಹಿರಿಯರ ಕೋವಿ ಅದು.

“ಮೇಸ್ತ್ರಿಗಳೇ, ಇದಕ್ಕೆ ಚೋಕ್ ಕೂರಿಸಿಕೊಡಬೇಕು. ಪಂದ್ಯದಲ್ಲಿ ಮಣ್ಣಿನ ಬಿಲ್ಲೆ ಹಾರಿಸ್ತಾರೆ. ನನ್ನ ಗುರಿ ಸರಿ ಇದ್ದರೂ ಚರೆ ಚದುರಿ ಹೋಗ್ತದೆ.”

ನಳಿಗೆಯ ಬಾಯಿ ತುಸು ಕಿರಿದಾಗಿದ್ದರೆ ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು, ಗುಂಪಾಗಿ ದೂರ ಹೋಗುತ್ತವೆ. ಹೊಸ ಕೋವಿಗಳ ಬಾಯೊಳಗೆ ತಿರುಪು ಕೊರೆದಿರುತ್ತಾರೆ. ಬೇಕಾದ ಅಳತೆಯ ಚೋಕ್ ಎಂಬ ಚಿಕ್ಕ ಕೊಳವೆಯನ್ನು ಅದರಲ್ಲಿ ತಿರುಗಿಸಿ ಕೂರಿಸಬಹುದು. ದೇಚಮ್ಮ ಕೇಳಿದ್ದು ಅದನ್ನೇ. ಆದರೆ ಹಳೆಯ ಕೋವಿ ಮಾಡಿದವರು ಆ ತಿರುಪಿನ ಕನಸನ್ನೂ ಕಂಡಿರಲಿಲ್ಲ.

“ಹೊಸ ಕೋವಿ ತಗೋಬಹುದಲ್ಲ ಮಗಳೇ?” ಎಂದರು ಮೇಸ್ತ್ರಿ.

“ನನಗೆ ಗುರಿ ಕಲಿಸಿದ್ದು ಅಜ್ಜ, ಇದೇ ಕೋವಿಯಲ್ಲಿ. ಈಗ ಹಾಸಿಗೆ ಹಿಡಿದಿದ್ದಾರೆ. ಅವರು ಕಣ್ಣು ಮುಚ್ಚೋದರೊಳಗೆ ಇದರಲ್ಲೇ ಗೆದ್ದು ತೋರಿಸಬೇಕು.”

ಮೇಸ್ತ್ರಿ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರು. ತಿರುಗಿಸಿ ಮತ್ತೆ ನೋಡಿದರು.

“ಆಗೋದಿಲ್ಲ. ಇದರ ಬಾಯಿ ಹೀಗೇ ಇರಲಿ. ಟ್ರಿಗರ್ ಸಡಿಲವಾಗಿದೆ, ಅದನ್ನು ಸರಿ ಮಾಡಿಸ್ತೇನೆ. ಇಟ್ಟು ಹೋಗು.”

ಅವಳು ಮುಖ ಸಣ್ಣದು ಮಾಡಿಕೊಂಡು ಹೋದಳು.

“ಯಾಕೆ ಆಗೋದಿಲ್ಲ ಮೇಸ್ತ್ರಿಗಳೇ? ಲೇತ್ ಇದೆ. ನಾನಿದ್ದೇನೆ,” ಎಂದ ಚಿಟ್ಟಿಯಪ್ಪ.

ಮೇಸ್ತ್ರಿ ದಂಡೆಗೆ ಹೋಗಿ ಒಂದು ಬಿದಿರು ಕಡಿದು ತಂದರು. ನೋಡಲು ದುಂಡಗೆ ಚೆನ್ನಾಗಿತ್ತು.

“ಇದರ ಬಾಯೊಳಗೆ ತಿರುಪು ಕೊರೆ.”

ಚಿಟ್ಟಿಯಪ್ಪ ಕೊರೆದ. ಸ್ವಲ್ಪ ಒಳಗೆ ಹೋಗುವಷ್ಟರಲ್ಲಿ ಬಿದಿರು ಒಂದು ಮಗ್ಗುಲಲ್ಲಿ ಸೀಳಿತು. ಆ ಕಡೆ ಅದರ ಗೋಡೆ ತೀರಾ ತೆಳುವಾಗಿತ್ತು.

“ಇದು ಬಿದಿರು ಮೇಸ್ತ್ರಿಗಳೇ. ಅದು ಉಕ್ಕು!”

“ಬಿದಿರನ್ನು ಬೆಳೆಸಿದ್ದು ಹೊಳೆ. ಉಕ್ಕಿಗೆ ತೂತು ಹಾಕಿದ್ದು ಮನುಷ್ಯ. ಇಬ್ಬರಲ್ಲಿ ಹೆಚ್ಚು ತಪ್ಪು ಮಾಡೋರು ಯಾರು?”

ಚಿಟ್ಟಿಯಪ್ಪ ಸೀಳಿದ ಬಿದಿರನ್ನು ಮೂಲೆಗೆ ಎಸೆದ. ಬಿದಿರು ಸೀಳಿದ ಮಾತ್ರಕ್ಕೆ ಅವನು ಒಪ್ಪಿದ ಹಾಗಲ್ಲವಲ್ಲ.

ಆ ವಾರ ಮೇಸ್ತ್ರಿ ತಂಗಿಯ ಊರಿಗೆ ಹೋದರು. ಕೋವಿ ಒಯ್ಯಲು ದೇಚಮ್ಮ ಬಂದಳು.

“ಅಜ್ಜ ಊಟ ಬಿಟ್ಟಿದ್ದಾರೆ ಅಣ್ಣ. ಪಂದ್ಯ ಬರೋ ಭಾನುವಾರ. ನಿಮ್ಮ ಕೈಲಾದರೂ ಆಗೋದಿಲ್ವಾ?”

ಆ ಮಾತು ಕೇಳಿ ಮನಸ್ಸು ಕರಗಿತು ಎಂದು ಚಿಟ್ಟಿಯಪ್ಪ ಆಮೇಲೆ ಹೇಳಿಕೊಂಡ. ಕರಗಲಿಲ್ಲ, ಉಬ್ಬಿತು.

“ನಾಳೆ ಬಾ ಅಕ್ಕ,” ಎಂದ.

ನಳಿಗೆಯ ಬಾಯಿಯ ಅಂಚಿನಲ್ಲಿ ಅಳತೆ ತೆಗೆದ. ಸುತ್ತಲೂ ದಪ್ಪ ಸಮವಾಗಿತ್ತು. ಅಂಚಿನಲ್ಲಿ ಹೇಗೋ ಒಳಗೂ ಹಾಗೇ ಎಂದುಕೊಂಡ. ಆದರೆ ಒಳಗೆ ತೂತು ಒಂದು ಕಡೆಗೆ ವಾಲಿತ್ತು. ಯಾವುದೋ ಕಾಲದಲ್ಲಿ ಯಾವನೋ ಕೆಲಸಗಾರ, ಬೇಸರದಲ್ಲೋ ಹಸಿವಿನಲ್ಲೋ, ತಪ್ಪಿದ್ದ. ಲೋಹ ದಪ್ಪವಿದ್ದ ಕಾರಣ ಆ ತಪ್ಪು ಅಷ್ಟು ಕಾಲ ಯಾರನ್ನೂ ಕಾಡಿರಲಿಲ್ಲ.

ಎರಡೂ ನಳಿಗೆಗಳಿಗೆ ತಿರುಪು ಕೊರೆದ. ಒಂದರಲ್ಲಿ ಕೊರೆಯುವಾಗ ಲೋಹದ ದನಿ ಸಣ್ಣಗಾಯಿತು. ಕೈಗೆ ಅದು ತಿಳಿಯಿತು. ಕೈ ನಿಲ್ಲಲಿಲ್ಲ.

ಚೋಕ್ ಕೂರಿಸಿದ ಮೇಲೆ ಮೊದಲ ಈಡಿನ ಹೊತ್ತು ಬಂತು. ಕೋವಿಯನ್ನು ಕೆನ್ನೆಗೊತ್ತಿದ. ಹಾಗೇ ಸ್ವಲ್ಪ ಹೊತ್ತು ನಿಂತ. ಆಮೇಲೆ ಇಳಿಸಿದ.

ಕೋವಿಯನ್ನು ಅಂಗಳದ ಹಲಸಿನ ಮರಕ್ಕೆ ಬಿಗಿದ. ಟ್ರಿಗರಿಗೆ ಹಗ್ಗ ಕಟ್ಟಿ, ಗೋಡೆಯ ಹಿಂದೆ ಕುಳಿತು ಎಳೆದ. ಒಂದು ನಳಿಗೆಯ ಈಡು ಹಾರಿತು, ಇನ್ನೊಂದರದೂ ಹಾರಿತು. ನಳಿಗೆಗಳಿಗೆ ಏನೂ ಆಗಲಿಲ್ಲ.

ಮರುದಿನ ಕೋವಿ ಕೈಗೆತ್ತಿಕೊಳ್ಳುತ್ತಾ ದೇಚಮ್ಮ ಕೇಳಿದಳು. “ಮೊದಲ ಈಡು ಆಯ್ತಾ ಅಣ್ಣ?”

“ಆಯ್ತು ಅಕ್ಕ.”

ಅದು ಸುಳ್ಳಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಅಂಥ ನಿಜ.

ಮೇಸ್ತ್ರಿ ಊರಿಂದ ಮರಳಿದಾಗ ಬೆಳಗಿನ ಬಿಸಿಲು ಏರುತ್ತಿತ್ತು. ಚೀಲವನ್ನು ಜಗಲಿಯ ಮೇಲಿಟ್ಟರು. ಹಲಸಿನ ಮರದ ತೊಗಟೆ ತರಚಿ ಹೋಗಿದ್ದು ಕಂಡಿತು. ಬುಡದಲ್ಲಿ ಹಗ್ಗ ಬಿದ್ದಿತ್ತು.

ಹಗ್ಗವನ್ನು ಎತ್ತಿ ತಂದು ಶಿಷ್ಯನ ಮುಂದೆ ಇಟ್ಟರು.

“ಯಾವ ಕೋವಿ?”

ಚಿಟ್ಟಿಯಪ್ಪ ಎಲ್ಲವನ್ನೂ ಹೇಳಿದ. ಲೋಹದ ದನಿ ಸಣ್ಣಗಾದದ್ದನ್ನು ಮಾತ್ರ ಬಿಟ್ಟ.

“ಮೊದಲ ಈಡು ಹೊಡೆದದ್ದು ಯಾರು?”

“ನಾನೇ. ಹಗ್ಗ ಕಟ್ಟಿ ಎಳೆದೆ. ದೊಡ್ಡ ಊರುಗಳಲ್ಲಿ ಹಾಗೇ ಪರೀಕ್ಷೆ ಮಾಡ್ತಾರೆ ಮೇಸ್ತ್ರಿಗಳೇ.”

“ಮಾಡಲಿ. ನೀನು ಯಾಕೆ ಹಗ್ಗ ಕಟ್ಟಿದೆ?”

ಚಿಟ್ಟಿಯಪ್ಪ ತಲೆ ತಗ್ಗಿಸಿದ.

“ಹೆದರಿಕೆಯಾಯ್ತು.”

“ಯಾಕೆ ಹೆದರಿಕೆಯಾಯ್ತು?”

“ಕೊರೆಯುವಾಗ ಒಂದು ಕಡೆ ದನಿ ಬದಲಾಯ್ತು.” ಆಮೇಲೆ ಅವಸರದಿಂದ ಸೇರಿಸಿದ. “ಆದರೆ ಏನೂ ಆಗಲಿಲ್ಲವಲ್ಲ! ಕೆನ್ನೆಗೊತ್ತಿ ಹೊಡೆದಿದ್ದರೂ ಏನೂ ಆಗ್ತಿರಲಿಲ್ಲ. ಹಗ್ಗವಾದರೇನು, ಕೆನ್ನೆಯಾದರೇನು?”

“ಕೆನ್ನೆಗೊತ್ತಿಯೇ ಹೊಡೀಬೇಕು ಅಂತ ನಾನು ಇಲ್ಲೇ ನಿಂತಿದ್ದರೆ?”

“ಹೊಡೀತಿರಲಿಲ್ಲ.”

“ಕೋವಿ ಎಲ್ಲಿರ್ತಿತ್ತು?”

“ಇಲ್ಲೇ. ಕೊಟ್ಟಿಗೆಯಲ್ಲೇ.”

ಮೇಸ್ತ್ರಿ ಚಪ್ಪಲಿ ಮೆಟ್ಟಿದರು. “ನಡಿ. ತಗೊಂಡು ಬರೋಣ.”

ಅವರು ಅಂಗಳ ದಾಟುತ್ತಿದ್ದ ಹಾಗೆ ಹೊಳೆಯಾಚೆ ದೇಚಮ್ಮನ ಮನೆಯ ಕಡೆಯಿಂದ ಒಂದು ಈಡು ಕೇಳಿಸಿತು.

ಆ ನಾಡಿನಲ್ಲಿ ಗಂಡು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು. ಕೇಳಿದವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಎರಡನೆಯದಕ್ಕೆ ಕಾಯುತ್ತಾರೆ. ಬಾರದಿದ್ದರೆ ಮುಖ ಅರಳಿಸಿಕೊಂಡು ಮತ್ತೆ ಕೆಲಸಕ್ಕೆ ತೊಡಗುತ್ತಾರೆ.

ಇಬ್ಬರೂ ನಿಂತರು. ಹೊಳೆ ಹರಿಯುತ್ತಿತ್ತು. ಎರಡನೆಯ ಈಡು ಬರಲಿಲ್ಲ.

ಚಿಟ್ಟಿಯಪ್ಪ ಉಸಿರು ಬಿಟ್ಟ. “ಒಂದೇ. ಮಗು ಹುಟ್ಟಿರಬೇಕು ಮೇಸ್ತ್ರಿಗಳೇ.”

“ಆ ಮನೆಯಲ್ಲಿ ಬಸುರಿ ಯಾರೂ ಇಲ್ಲ,” ಎಂದರು ಮೇಸ್ತ್ರಿ. ಆಮೇಲೆ ಆ ವಯಸ್ಸಿನಲ್ಲೂ ಓಡಿದರು. ಅವರು ಓಡಿದ್ದನ್ನು ಚಿಟ್ಟಿಯಪ್ಪ ಅದುವರೆಗೆ ನೋಡಿರಲಿಲ್ಲ.

ಸೇತುವೆ ದಾಟುವಾಗ ಎದುರಿನಿಂದ ಒಂದು ಜೀಪು ಬಂತು. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಯಾರನ್ನೋ ಹಿಡಿದುಕೊಂಡಿದ್ದರು. ಜೀಪು ನಿಲ್ಲದೆ ಆಸ್ಪತ್ರೆಯ ದಾರಿ ಹಿಡಿಯಿತು.

ಮನೆಯ ನಡುವೆ ಅಜ್ಜನ ಶವ ಬಿಳಿ ಬಟ್ಟೆಯಲ್ಲಿ ಮಲಗಿತ್ತು. ತಲೆಯ ಬಳಿ ದೀಪ ಉರಿಯುತ್ತಿತ್ತು. ಹೊರಗೆ ಅಂಗಳದಲ್ಲಿ ಜನ ಗೋಡೆಗೆ ಅಂಟಿಕೊಂಡು ನಿಂತಿದ್ದರು. ನಡುವೆ ಕೋವಿ ಬಿದ್ದಿತ್ತು. ಅದರ ಒಂದು ನಳಿಗೆಯ ಬಾಯಿ ಬಾಳೆಹೂವಿನ ಎಸಳಿನ ಹಾಗೆ ಬಿಚ್ಚಿಕೊಂಡಿತ್ತು. ಸುತ್ತಲಿನ ಮಣ್ಣು ಕೆಂಪಾಗಿತ್ತು. ನೋಡಲಾಗದೆ ಚಿಟ್ಟಿಯಪ್ಪ ಮುಖ ತಿರುಗಿಸಿದ.

ದೇಚಮ್ಮನ ದೊಡ್ಡಪ್ಪ ಹತ್ತಿರ ಬಂದರು.

“ಅಜ್ಜನ ಈಡು ನಾನೇ ಹೊಡೀತೇನೆ ಅಂತ ಹಠ ಹಿಡಿದಳು. ನಳಿಗೆಯ ಚೂರು ಬಂದು ಬಲಗಣ್ಣಿಗೆ ಬಿತ್ತು ಮೇಸ್ತ್ರಿ. ಗುರಿ ಇಡುವ ಕಣ್ಣು. ಅದಿನ್ನು ಇಲ್ಲ ಅಂತಲೇ ತಿಳ್ಕೊಳ್ಳಿ.”

ಮೇಸ್ತ್ರಿ ಅವರ ಮುಂದೆ ಕೈ ಮುಗಿದರು. “ನಮ್ಮ ಕೊಟ್ಟಿಗೆಯ ಕೆಲಸ ಇದು. ಮಾಡಿದವನು ಇವನು. ಏನು ಶಿಕ್ಷೆ ಕೊಡ್ತೀರೋ ಕೊಡಿ.”

ದೊಡ್ಡಪ್ಪ ಚಿಟ್ಟಿಯಪ್ಪನನ್ನು ನೋಡಿದರು. ಬೈಯುವ ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ.

“ಅದೆಲ್ಲ ನಾಳೆ. ಎರಡನೆಯ ಈಡು ಆಗದೆ ಅಜ್ಜನನ್ನು ಎತ್ತುವ ಹಾಗಿಲ್ಲ. ಪಕ್ಕದ ಮನೆಯಿಂದ ಕೋವಿ ತರಿಸಿದ್ದೇನೆ. ಮುಟ್ಟೋದಕ್ಕೆ ಯಾರೂ ಮುಂದೆ ಬರ್ತಿಲ್ಲ.”

“ಇವನು ಹೊಡೀತಾನೆ,” ಎಂದರು ಮೇಸ್ತ್ರಿ.

ಯಾರೋ ಆ ಕೋವಿಯನ್ನು ತಂದು ಚಿಟ್ಟಿಯಪ್ಪನ ಕೈಗಿಟ್ಟರು. ಅದೂ ಹಳೆಯದೇ. ಹಿಡಿಯ ಮೇಲೆ ಹೊಸ ಮೊಳೆಗಳಿದ್ದವು, ನಳಿಗೆ ಉಜ್ಜಿ ಹೊಳಪು ಕೊಟ್ಟಿದ್ದರು. ಯಾರದೋ ಕೈ ಅದರ ಮೇಲೆ ಆಡಿತ್ತು.

ಅಂಗಳದ ಜನರೆಲ್ಲ ಅವನನ್ನೇ ನೋಡುತ್ತಿದ್ದರು. ಚಿಟ್ಟಿಯಪ್ಪ ಕೋವಿಯನ್ನು ಎತ್ತಿ ಕೆನ್ನೆಯ ಹತ್ತಿರ ತಂದ. ಉಕ್ಕು ತಣ್ಣಗಿತ್ತು. ಕೋವಿಯನ್ನು ಇಳಿಸಿ, ಗುರುವಿನ ಕಡೆಗೆ ಬಾಗಿ, ಯಾರಿಗೂ ಕೇಳಿಸದ ಹಾಗೆ ಕೇಳಿದ.

“ಮೇಸ್ತ್ರಿಗಳೇ, ಇದನ್ನು ರಿಪೇರಿ ಮಾಡಿದ್ದು ಯಾರು?”

ಮೇಸ್ತ್ರಿ ಅವನ ಮುಖ ನೋಡಿದರು.

“ನಮ್ಮ ಕೊಟ್ಟಿಗೆಯಿಂದ ಕೋವಿ ತಗೊಂಡು ಹೋದವರು ಯಾರೂ ಇದುವರೆಗೆ ಈ ಪ್ರಶ್ನೆ ಕೇಳಿರಲಿಲ್ಲ.”